ಜಯತೀರ್ಥನ ಡಬ್ಬಿ

ಭಾಗೀರಥಿಬಾಯಿಯವರ ಪ್ರಕಾರ ಗಂಡಸರಲ್ಲಿ ಎರಡೇ ಬಗೆ. ಏನೂ ಗೊತ್ತಿಲ್ಲದೆ ಮಾತಾಡುವವರು ಮೊದಲನೆಯವರು. ಅರ್ಧ ಗೊತ್ತಿದ್ದು ಪೂರ್ತಿ ಮಾತಾಡುವವರು ಎರಡನೆಯವರು. ಮೊದಲನೆಯವರನ್ನು ಒಂದು ನೋಟದಲ್ಲಿ ಸುಮ್ಮನಾಗಿಸಬಹುದು. ಎರಡನೆಯವರ ಹತ್ತಿರ ಡಿಗ್ರಿ ಇರುತ್ತದೆ, ಅವರು ಸುಮ್ಮನಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಎಂಜಿನಿಯರ್ ಆಗಿದ್ದ ಅಣ್ಣನ ಮಗ ಜಯತೀರ್ಥ ಈ ಎರಡನೆಯ ಬಗೆಯವನು ಎಂಬುದು ಅವನಿಗೆ ಮೀಸೆ ಬರುವ ಮೊದಲೇ ಅವರಿಗೆ ತಿಳಿದಿತ್ತು.

ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಆಯುಷ್ಯದ ಬಹುಪಾಲು ವಿಜ್ಞಾನ ಕಲಿಸಿ, ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ನೋಡಲು ಬಂದ ವರನೊಬ್ಬ ಗುಡುಗು ಹೇಗೆ ಹುಟ್ಟುತ್ತದೆಂದು ಅವರಿಗೇ ತಪ್ಪಾಗಿ ವಿವರಿಸಿದ ದಿನ ಆ ವಿಷಯ ಮುಗಿದಿತ್ತು. ಅಡ್ಡಪಲ್ಲಕ್ಕಿಯ ಮೇಲೆ ಕೂತಂತೆ ಬದುಕಿದರು ಎಂದು ಸಂಬಂಧಿಕರು ಆಡಿಕೊಂಡರೂ ಅವರು ಕೂತದ್ದು ಕಾರಿನಲ್ಲಿ. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯವರೊಬ್ಬರು ಊರು ಬಿಡುವಾಗ ಮಾರಲಿಟ್ಟಿದ್ದ ಐವತ್ತೇಳರ ಷೆವರ್ಲೆ ಗಾಡಿಯನ್ನು ಅವರು ಕೊಂಡಾಗ ಊರಿಗೆ ಊರೇ ನಕ್ಕಿತ್ತು. ಬೆಟಗೇರಿಯ ಬಯಲಿನಲ್ಲಿ ನೌವಾರಿ ಸೀರೆಯ ಕಚ್ಚೆ ಬಿಗಿದು ಡ್ರೈವಿಂಗ್ ಕಲಿತಾಗ ಚಹಾದಂಗಡಿಯ ಬೆಂಚುಗಳು ಖಾಲಿಯಾಗಿ ಮಂದಿಯೆಲ್ಲ ಬಯಲಿನ ಅಂಚಿಗೆ ಬಂದು ನಿಂತಿದ್ದರು. ಅವರಲ್ಲಿ ಒಬ್ಬನಿಗಾದರೂ ಕ್ಲಚ್ಚು ಯಾಕೆ ಬೇಕೆಂದು ಗೊತ್ತಿರಲಿಲ್ಲ. ಬಾಯಿಯವರು ಅವರತ್ತ ತಿರುಗಿ ಸಹ ನೋಡಲಿಲ್ಲ.

ಎಂಬತ್ತೆರಡರ ದೀಪಾವಳಿಗೆ ಜಯತೀರ್ಥ ಬಂದಾಗ ಅವನ ಕೈಯಲ್ಲಿ ಹಬ್ಬದ ಫರಾಳದ ತಿಂಡಿಯ ಜೊತೆಗೆ ಒಂದು ಅಲ್ಯುಮಿನಿಯಂ ಡಬ್ಬಿಯಿತ್ತು. ಅವಲಕ್ಕಿ ಹಾಕಿಡುವ ಸಣ್ಣ ಡಬ್ಬಿಯಷ್ಟು ದೊಡ್ಡದು. ಒಳಗೇನಿದೆ ಎಂದು ಯಾರೂ ನೋಡದಂತೆ ಬೆನ್ನಿಗೆ ಡಾಂಬರು ಸುರಿದು ಮುಚ್ಚಲಾಗಿತ್ತು. ಪುಣೆಯಲ್ಲಿ ಅವನ ಗೆಳೆಯನೊಬ್ಬ ತನ್ನ ಮನೆಯಲ್ಲೇ ತಯಾರಿಸಿದ್ದಂತೆ.

"ಅತ್ಯಾ, ನಿಮ್ಮ ಗಾಡಿ ಇನ್ನೂ ಪಾಯಿಂಟಿನ ಮ್ಯಾಲೆ ನಡದದ. ಪಾಯಿಂಟು ತಿಕ್ಕೋದು, ಕಂಡೆನ್ಸರ್ ಬದಲಿ ಮಾಡೋದು, ಇವೆಲ್ಲಾ ಹಳೇ ಆಟ. ಇದು ಎಲೆಕ್ಟ್ರಾನಿಕ್. ಇದನ್ನ ಹಾಕಿದ್ರ ಹತ್ತು ವರ್ಷ ಬಾನೆಟ್ ತಗಿಯೋದೇ ಬ್ಯಾಡ."

ಎಂಜಿನ್ನಿನೊಳಗೆ ಪೆಟ್ರೋಲು ಉರಿಯಬೇಕಾದರೆ ಸರಿಯಾದ ಕ್ಷಣಕ್ಕೆ ಕಿಡಿ ಹಾರಬೇಕು. ಆ ಕ್ಷಣವನ್ನು ಹಿಡಿದುಕೊಡಲು ಹಳೆಯ ಗಾಡಿಗಳಲ್ಲಿ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುಂಡುಗಳು ಕೂಡುತ್ತ ಬಿಡುತ್ತ ಇರುತ್ತವೆ. ಅವು ಸವೆಯುತ್ತವೆ, ಆಗಾಗ ತಿಕ್ಕಬೇಕಾಗುತ್ತದೆ. ಡಬ್ಬಿಯೊಳಗಿನ ಟ್ರಾನ್ಸಿಸ್ಟರು ಆ ಕೆಲಸವನ್ನು ಸವೆಯದೆ ಮಾಡುತ್ತದೆ ಎಂಬುದು ಜಯತೀರ್ಥನ ಮಾತು. ಆ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಗ್ಯಾರೇಜಿನ ಮೈಲಾರಲಿಂಗಪ್ಪ ಪ್ರತಿ ಸಲ ಪಾಯಿಂಟು ತಿಕ್ಕುವಾಗ ದೊಡ್ಡದಾಗಿ ಆಕಳಿಸುತ್ತಿದ್ದ. ಆ ಆಕಳಿಕೆ ನೋಡಿ ನೋಡಿ ಬಾಯಿಯವರಿಗೆ ಸಾಕಾಗಿತ್ತು. ಅವನೊಬ್ಬನ ಮುಖ ತಪ್ಪುತ್ತದಲ್ಲ ಎಂದು ಅವರು ಒಪ್ಪಿದರು.

ಜಯತೀರ್ಥ ತಾನೇ ತೋಳು ಮಡಚಿ ಕೂಡಿಸಿದ. ಎಂಜಿನ್ನಿನ ಹೊಗೆ ಸೈಲೆನ್ಸರಿಗೆ ಇಳಿಯುವ ದಪ್ಪ ಕೊಳವೆಯ ಪಕ್ಕದ ತಗಡಿನಲ್ಲಿ ಮೊದಲೇ ಒಂದು ತೂತಿತ್ತು. ಬೇರೆ ತೂತು ಕೊರೆಯುವ ಶ್ರಮ ಬೇಡವೆಂದು ಡಬ್ಬಿಯನ್ನು ಅಲ್ಲೇ ಬಿಗಿದ. ಹಳೆಯ ಪಾಯಿಂಟಿನ ತಟ್ಟೆಯನ್ನು ಚಿಂದಿಯಲ್ಲಿ ಸುತ್ತಿ ಬಾಯಿಯವರ ಕೈಗಿತ್ತು, "ಮ್ಯೂಸಿಯಂಕ ಕೊಡ್ರಿ" ಎಂದು ನಕ್ಕ.

ಚಳಿಗಾಲವೆಲ್ಲ ಗಾಡಿ ಹಾಲು ಕುಡಿದ ಹಾಗೆ ಓಡಿತು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದ ಮೇಲೆ ರೋಗ ಶುರುವಾಯಿತು. ಮನೆಯಿಂದ ಹೊರಟು ಒಂದಷ್ಟು ದೂರ ಚೆನ್ನಾಗಿಯೇ ಹೋಗುವುದು, ಆಮೇಲೆ ಒಂದೆರಡು ಸಲ ಮುಗ್ಗರಿಸಿ ಗಪ್ಪನೆ ನಿಲ್ಲುವುದು. ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ತಿರುಗುವುದೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಸಾಕಷ್ಟು ಹೊತ್ತು ಕಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಶುರುವಾಗುವುದು.

ಮೈಲಾರಲಿಂಗಪ್ಪ ಬಂದು ಪೆಟ್ರೋಲು ಸೋಸುವ ಜಾಳಿಗೆಯನ್ನು ತೊಳೆದ. ಗಾಡಿ ಶುರುವಾಯಿತು. "ಕಸಾ ಇತ್ರೀ ಬಾಯಾರ" ಎಂದ. ಮುಂದಿನ ವಾರ ಲಕ್ಕುಂಡಿಯಿಂದ ಬರುವಾಗ ಮತ್ತೆ ನಿಂತಿತು. ಈ ಸಲ ಕಿಡಿಗೆ ಬೇಕಾದ ಕರೆಂಟು ಏರಿಸುವ ಕಾಯಿಲು ಬದಲಿಸಿದ. ಶುರುವಾಯಿತು. "ಕಾಯಿಲ್ ಹೋಗಿತ್ರೀ" ಎಂದ. ಮೂರನೆಯ ಸಲ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಅರಿವೆ ಹಾಕಿ, ಪೆಟ್ರೋಲು ಕುದ್ದು ಆವಿಯಾಗಿದೆ ಎಂದು ತೀರ್ಪು ಕೊಟ್ಟ.

"ಆ ಡಬ್ಬಿ ನೋಡಿದ್ಯೇನು?" ಎಂದು ಬಾಯಿಯವರು ಕೇಳಿದರು.

ಅವನು ಕೈ ಹಿಂದೆ ಕಟ್ಟಿಕೊಂಡ. "ಅದನ್ನ ನಾ ಮುಟ್ಟಂಗಿಲ್ರೀ. ಎಂಜಿನಿಯರ್ ಸಾಹೇಬ್ರು ಹಾಕಿದ್ದು. ನಾಳೆ ನನ್ನ ಮ್ಯಾಲೇ ಬರತೈತಿ."

ಹುಬ್ಬಳ್ಳಿಗೆ ಫೋನು ಹಚ್ಚಿದರೆ ಸಾಹೇಬರ ಉತ್ತರ ಸಿದ್ಧವಾಗಿತ್ತು. "ಪೆಟ್ರೋಲದಾಗ ಸೀಮೆಎಣ್ಣಿ ಕೂಡಿಸ್ತಾರ ಅತ್ಯಾ. ಡಬ್ಬಿ ಸುದ್ದಿಗೆ ಹೋಗಬ್ಯಾಡ್ರಿ, ಅದಕ್ಕೇನೂ ಆಗೂದಿಲ್ಲ. ಖರೇ ಹೇಳಬೇಕಂದ್ರ ಗಾಡಿಗೆ ವಯಸ್ಸಾತು. ನನಗ ಗುರ್ತಿನವರೊಬ್ಬರು ಲಗ್ನದ ಮೆರವಣಿಗಿಗೆ ಇಂಥಾ ಗಾಡಿ ಹುಡಕಲಿಕ್ಕೆ ಹತ್ಯಾರ."

ಒಬ್ಬ ಮುಟ್ಟಲು ಹೆದರುವವನು, ಇನ್ನೊಬ್ಬ ನೋಡಲು ಬಾರದವನು. ಇಬ್ಬರ ನಡುವೆ ತನ್ನ ಗಾಡಿ ಸಿಕ್ಕಿಕೊಂಡಿದೆ ಎಂದು ಬಾಯಿಯವರು ಫೋನನ್ನು ಠಪ್ಪನೆ ಇಟ್ಟರು.

ಚೈತ್ರದ ಒಂದು ದಿನ ಬೆಳಗಿನ ಬಸ್ಸಿಗೆ ಲಕ್ಷ್ಮೇಶ್ವರದಿಂದ ಮನುಷ್ಯ ಬಂದ. ಜಾನಕೀಬಾಯಿಗೆ ಬಹಳ ಜಡ್ಡಾಗಿದೆ, ಉಸಿರಾಟ ಸರಿಯಿಲ್ಲ, ಭಾಗೀರಥಿಬಾಯಿಯವರನ್ನು ನೋಡಬೇಕೆನ್ನುತ್ತಿದ್ದಾರೆ ಎಂದು ಹೇಳಿ, ಇನ್ನೂ ನಾಲ್ಕು ಕಡೆ ಖಬರು ಮುಟ್ಟಿಸುವುದಿದೆಯೆಂದು ಹೊರಟುಹೋದ. ಜಾನಕೀಬಾಯಿ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ವರ್ಷಾನುಗಟ್ಟಲೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ನಿವೃತ್ತಿಯ ನಂತರ ಜಾನಕೀಬಾಯಿ ಲಕ್ಷ್ಮೇಶ್ವರದ ತಮ್ಮನ ಮನೆಗೆ ಹೋಗಿದ್ದರು. ಭಾಗೀರಥಿಬಾಯಿಯವರ ಮುಖಕ್ಕೆ ಹೊಡೆದಂತೆ ಮಾತಾಡಿ ದಕ್ಕಿಸಿಕೊಂಡ ಜೀವ ಅದೊಂದೇ.

ಬಾಯಿಯವರು ದ್ರಾಕ್ಷಾಯಣಿಯನ್ನು ಜೊತೆಗೆ ಕರೆದುಕೊಂಡು ಹೊರಟರು. ದ್ರಾಕ್ಷಾಯಣಿ ಬೆಟಗೇರಿಯ ನೇಕಾರರ ಮನೆಯವಳು, ನಲವತ್ತರ ಹತ್ತಿರದ ಹೆಂಗಸು. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು, ಬಾಯಿಯವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಶಿರಹಟ್ಟಿ ದಾಟುವವರೆಗೆ ಗಾಡಿ ಚಕಾರವೆತ್ತಲಿಲ್ಲ. ದಾಟಿದ ಮೇಲೆ, ಸುತ್ತ ಒಂದು ಗಿಡವೂ ಇಲ್ಲದ ಎರೆಹೊಲಗಳ ನಡುವೆ, ಎರಡು ಸಲ ಕೆಮ್ಮಿ ನಿಂತಿತು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಲಕ್ಷ್ಮೇಶ್ವರದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ದ್ರಾಕ್ಷಾಯಣಿ ರಸ್ತೆಯ ನಡುವೆ ಹೋಗಿ ಕೈ ಎತ್ತಿದಳು.

"ಏ, ಬಾ ಈ ಕಡೆ!" ಬಾಯಿಯವರು ಗದರಿಸಿದರು. "ಗಾಡಿ ನಡುಹಾದ್ಯಾಗ ಒಗದು ಹೋಗ್ಲ್ಯಾ? ಈಗ ಶುರು ಆಗ್ತದ."

"ಬಾಯಾರ, ನೀವು ಮುಂದ ಹೋಗ್ರಿ. ನಾ ಗಾಡಿ ಕಾಯತೀನಿ."

"ಬ್ಯಾಡಂದೆ."

ಬಸ್ಸು ಒಂದು ಕ್ಷಣ ವೇಗ ತಗ್ಗಿಸಿ, ಯಾರೂ ಹತ್ತದಿರುವುದನ್ನು ಕಂಡು ಹೋಗಿಬಿಟ್ಟಿತು. ಕಿಟಕಿಗಳಿಂದ ತಲೆಗಳು ಹೊರಬಂದು ನೋಡಿದವು. ಆ ತಲೆಗಳ ನಡುವೆ ನುಗ್ಗಿ, ಕೋಳಿಬುಟ್ಟಿಗಳ ಪಕ್ಕ ನಿಂತು, ಕಾರಿನ ಬಾಯಾರ ಗಾಡಿ ಕೆಟ್ಟಿತಂತೆ ಎಂದು ಅನ್ನಿಸಿಕೊಳ್ಳುವುದು ಅವರಿಂದಾಗದ ಮಾತಾಗಿತ್ತು. ಗಾಡಿ ಈಗ ಶುರುವಾಗಲಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಸೋತಿತು. ಕೊನೆಗೆ ಬಾಳೇಹೊಸೂರ ಕಡೆಯ ಕೆಲವರು ಚಕ್ಕಡಿ ನಿಲ್ಲಿಸಿ, ಇಳಿದು ನೂಕಿದ ಮೇಲೆ ಗಾಡಿ ಹೊತ್ತಿಕೊಂಡಿತು.

ಲಕ್ಷ್ಮೇಶ್ವರದ ಮನೆಯ ಮುಂದೆ ಅಂಗಳಕ್ಕೆ ನೀರು ಹೊಡೆದಿತ್ತು. ಗಂಡಸರೆಲ್ಲ ಸ್ಮಶಾನಕ್ಕೆ ಹೋಗಿಯಾಗಿತ್ತು. ಜಾನಕೀಬಾಯಿಯ ತಮ್ಮನ ಹೆಂಡತಿ ನರ್ಮದಾ ಬಾಗಿಲಲ್ಲಿ ನಿಂತು, ಬಂದವರ ಮುಖ ನೋಡಿ, ಪಕ್ಕಕ್ಕೆ ಸರಿದಳು. ಬಾಯಿಯವರು ಒಳಗೆ ಹೋಗಿ ಖಾಲಿ ಮಂಚದ ಎದುರು ನಿಂತು, ಹೊರಗೆ ಬಂದರು. ಅಳು ಬರಲಿಲ್ಲ. ಗದಗಿಗೆ ಮರಳುವ ದಾರಿಯುದ್ದಕ್ಕೂ ಹಲ್ಲು ಕಚ್ಚಿ ಹಿಡಿದಿದ್ದರು. ಸಂಜೆಯ ತಂಪಿನಲ್ಲಿ ಗಾಡಿ ಎಲ್ಲಿಯೂ ನಿಲ್ಲದೆ ಮನೆ ಮುಟ್ಟಿತು. ಅದು ಅವರಿಗೆ ಇನ್ನೂ ಹೆಚ್ಚು ಉರಿ ತಂದಿತು.

ಸೂತಕದ ಮನೆಯ ಹಾಗೆ ನಾಲ್ಕು ದಿನ ಕೂತವರು ಐದನೆಯ ದಿನ ಎದ್ದು, ಸೀರೆಯ ಸೆರಗು ಸಿಕ್ಕಿಸಿ, ದ್ರಾಕ್ಷಾಯಣಿಯನ್ನು ಕೂಗಿದರು.

"ಈ ಗಂಡಸರ ಪುರಾಣ ಕೇಳಿದ್ದು ಸಾಕು. ಇವತ್ತ ನಾವ ನೋಡೂಣು."

ಗಾಡಿಯನ್ನು ಅಂತೂರ ಬೆಂತೂರದ ಕಡೆಗೆ ಮಟಮಟ ಮಧ್ಯಾಹ್ನ ಓಡಿಸಿದರು. ನಿಲ್ಲಲಿ ಎಂದೇ ಓಡಿಸಿದರು. ನಿಂತಿತು. ಬಾನೆಟ್ ಎತ್ತಿ, ಒಂದು ಪ್ಲಗ್ಗಿನ ವೈರು ಕಿತ್ತು, ಒಣ ಅರಿವೆಯಲ್ಲಿ ಹಿಡಿದು ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಸಮೀಪ ತಂದರು. "ಹೊಡಿ ಸೆಲ್ಫು" ಎಂದರು. ದ್ರಾಕ್ಷಾಯಣಿ ಹೊಡೆದಳು. ಎಂಜಿನ್ ತಿರುಗಿತು, ಕಿಡಿ ಮಾತ್ರ ಹಾರಲಿಲ್ಲ.

"ನೋಡಿದ್ಯಾ? ಕಿಡಿನೇ ಇಲ್ಲ. ಪೆಟ್ರೋಲದಾಗ ಸೀಮೆಎಣ್ಣಿ ಇರ್ಲಿ, ಗಂಗಾಜಲ ಇರ್ಲಿ, ಕಿಡಿ ಹೋಗಲಿಕ್ಕೆ ಅದೇನು ಸಂಬಂಧ? ಇಷ್ಟು ನೋಡಲಿಕ್ಕೆ ಆ ಎಮ್ಮಿಯಂಥಾ ಮೈಲಾರಲಿಂಗಪ್ಪಗ ಎರಡ ತಿಂಗಳಾದ್ರೂ ಆಗಲಿಲ್ಲ."

ಕಾಯಿಲು ಹೊಸದು. ಬ್ಯಾಟರಿ ಗಟ್ಟಿಯಿದೆ. ಉಳಿದದ್ದು ಡಬ್ಬಿ. ಬಾಯಿಯವರು ಬೆರಳು ತಾಗಿಸಿ ಚುರುಕ್ಕೆಂದು ಹಿಂದೆಳೆದುಕೊಂಡರು. ಕಾದ ಹಂಚಿನಂತಿತ್ತು. ಕೂಜಾದ ನೀರಿನಲ್ಲಿ ಪಂಚೆಯ ತುಂಡೊಂದನ್ನು ಅದ್ದಿ, ಚೆನ್ನಾಗಿ ಹಿಂಡಿ, ಡಬ್ಬಿಗೆ ಮಾತ್ರ ಸುತ್ತಿದರು. ಪಕ್ಕದ ಕೊಳವೆಗೆ ಹನಿಯೂ ಬೀಳದಂತೆ ನೋಡಿಕೊಂಡರು, ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ತಾಗಿದರೆ ಬಿರುಕು ಬಿಡುತ್ತದೆ. ಅರಿವೆ ಬಿಸಿಯಾದಂತೆ ಮತ್ತೆ ಅದ್ದಿ ಮತ್ತೆ ಸುತ್ತಿದರು. "ಈಗ ಹೊಡಿ." ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ದ್ರಾಕ್ಷಾಯಣಿ ಸ್ಟೇರಿಂಗಿನ ಹಿಂದೆಯೇ ಚಪ್ಪಾಳೆ ತಟ್ಟಿದಳು.

"ಸಿಕ್ಕತಲ್ರೀ ಬಾಯಾರ!"

"ಇನ್ನೂ ಇಲ್ಲ. ತಂಪ ಮಾಡಿದ್ರ ನಡೀತದ ಅಂತ ಆತು. ಆದ್ರ ಅಷ್ಟರಾಗ ಇಡೀ ಎಂಜಿನ್ನೂ ಆರಿರಬಹುದಲ್ಲಾ. ಮೈಲಾರಲಿಂಗಪ್ಪ ಮೋಸ ಹೋಗಿದ್ದು ಇಲ್ಲೇ. ಅವ ಏನೋ ಒಂದು ಬಿಚ್ಚಿ ತೊಳಿಯೂತನಕ ಡಬ್ಬಿ ತಾನೇ ಆರತಿತ್ತು. ಮುಟ್ಟಿದ್ದಕ್ಕೆಲ್ಲಾ ಗುಣ ಆತು ಅಂತ ತಿಳಕೊಂಡ. ನಾವು ತಂಪ ಎಂಜಿನ್ನಿನ ಮ್ಯಾಲೆ ಡಬ್ಬಿ ಒಂದನ್ನೇ ಕಾಸಿ ನೋಡಬೇಕು."

ಮರುದಿನ ಬೆಳಿಗ್ಗೆ, ರಾತ್ರಿಯಿಡೀ ಆರಿದ್ದ ಗಾಡಿಯ ಬಾನೆಟ್ ಎತ್ತಿದರು. ಡಬ್ಬಿಯ ತಿರುಪು ಬಿಚ್ಚಿ, ವೈರು ಹಾಗೆಯೇ ಬಿಟ್ಟು, ಅದನ್ನು ಹೊರಗೆಳೆದು ಒಂದು ಹಲಗೆಯ ಮೇಲಿಟ್ಟರು. ಎಂಜಿನ್ ಶುರುಮಾಡಿ ನಿಂತಲ್ಲೇ ಓಡಲು ಬಿಟ್ಟರು. ದ್ರಾಕ್ಷಾಯಣಿ ತನ್ನ ಕೆಂಡದ ಇಸ್ತ್ರಿ ಪೆಟ್ಟಿಗೆ ತಂದಳು. ಬಾಯಿಯವರು ಅದನ್ನು ಡಬ್ಬಿಯ ನೆತ್ತಿಯ ಮೇಲೆ, ಅಂಗಿಯ ಕಾಲರು ಇಸ್ತ್ರಿ ಮಾಡುವಷ್ಟೇ ಶ್ರದ್ಧೆಯಿಂದ, ಇಟ್ಟು ಹಿಡಿದರು. ತುಸು ಹೊತ್ತಿಗೆ ಎಂಜಿನ್ ಮುಗ್ಗರಿಸಿತು. ಎರಡು ಸಲ ಕೆಮ್ಮಿತು, ಶಿರಹಟ್ಟಿಯಾಚೆ ಕೆಮ್ಮಿದ ಹಾಗೆಯೇ, ಮತ್ತು ನಿಂತಿತು. ಎಂಜಿನ್ನು ಇನ್ನೂ ಕೈಯಿಟ್ಟರೆ ಬೆಚ್ಚಗೆ ಅನ್ನಿಸುವಷ್ಟೇ ಇತ್ತು.

ಬಾಯಿಯವರು ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟರು. ಗೆದ್ದೆ ಎನ್ನಿಸಲಿಲ್ಲ. ಇಷ್ಟು ಸಣ್ಣ ಮಾತು. ಒಂದು ತೂತು ಬೇರೆ ಕಡೆ ಕೊರೆದಿದ್ದರೆ ಮುಗಿಯುತ್ತಿತ್ತು.

"ಇದನ್ನ ಈಗ ಹೊರಗ ಒಗೀತೀರೇನ್ರೀ?" ದ್ರಾಕ್ಷಾಯಣಿ ಕೇಳಿದಳು.

"ಇಲ್ಲ. ಇದ್ದಲ್ಲೇ ಬಿಗೀತೀನಿ. ಹಾಕಿದವ ಬರಲಿ."

ಜಯತೀರ್ಥ ಮುಂದಿನ ಭಾನುವಾರ ಬಂದ. ಜಾನಕೀಬಾಯಿ ತೀರಿಕೊಂಡ ಸುದ್ದಿಗೆ ಚ್ ಚ್ ಎಂದು, ಅದೇ ಉಸಿರಿನಲ್ಲಿ ಮೆರವಣಿಗೆಯವರ ಮಾತು ತೆಗೆದ. ಅವರು ಗಾಡಿಗೆ ಹೂವಿನ ಅಲಂಕಾರ ಮಾಡಿ, ಜೋಪಾನವಾಗಿ ಇಡುತ್ತಾರಂತೆ.

"ಕೊಡತೀನಿ" ಎಂದರು ಬಾಯಿಯವರು. ಅವನು ಚಹಾದ ಬಟ್ಟಲನ್ನು ಅರ್ಧದಲ್ಲೇ ನಿಲ್ಲಿಸಿ ನೋಡಿದ. "ಮುಂಡರಗಿ ರಸ್ತೆ ಹಿಡದು ಹೋಗೂಣು. ಗಾಡಿ ನಿಲ್ಲತದ. ಯಾಕ ನಿಂತಿತು ಅಂತ ನೀ ತೋರಿಸಿಕೊಡು, ಗಾಡಿ ನಿಂದು. ಯಾರಿಗೆ ಬೇಕಾದ್ರೂ ಕೊಡು."

"ಅತ್ಯಾ, ಇದೆಂಥಾ ಪರೀಕ್ಷಾ! ಅಷ್ಟs ಅಲ್ಲೇನು?" ಅವನ ಮುಖ ಊರಗಲವಾಯಿತು.

ಮೂವರೂ ಹೊರಟರು. ಜಯತೀರ್ಥ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಜಪಾನಿನ ಕಾರುಗಳ ಬಗ್ಗೆ ಮಾತಾಡಿದ. ಡಂಬಳ ಇನ್ನೂ ಸ್ವಲ್ಪ ದೂರವಿರುವಾಗ, ಕಪ್ಪತಗುಡ್ಡ ಬಿಸಿಲಿನ ಝಳದಲ್ಲಿ ಕುಣಿಯುತ್ತಿರುವ ಹೊತ್ತಿಗೆ, ಗಾಡಿ ಕೆಮ್ಮಿ ನಿಂತಿತು. ಬಾಯಿಯವರು ಇಳಿದು, ರಸ್ತೆಯ ಬದಿಯ ಬೇವಿನ ನೆರಳಿನಲ್ಲಿ ಚಾಪೆ ಹಾಸಿ, ದ್ರಾಕ್ಷಾಯಣಿಯೊಡನೆ ಬುತ್ತಿ ಬಿಚ್ಚಿದರು.

"ನಿನ್ನ ಕೆಲಸ ನಡೀಲಿ."

ಜಯತೀರ್ಥ ಅಂಗಿ ಕಳಚಿ ಬನಿಯನ್ನಿನಲ್ಲಿ ಬಗ್ಗಿದ. ಕಾರ್ಬುರೇಟರು ಬಿಚ್ಚಿದ, ಊದಿದ, ಪೆಟ್ರೋಲಿನ ರುಚಿ ನೋಡಿ ಉಗುಳಿದ. "ನೂರಕ್ಕೆ ನೂರು ಸೀಮೆಎಣ್ಣಿ" ಎಂದು ನೆರಳಿನತ್ತ ಕೂಗಿ ಹೇಳಿದ. ಅವನ ಮೊಣಕೈ ಡಬ್ಬಿಗೆ ತಾಗಿ ಹಾಯ್ ಎಂದು ಜಿಗಿದ. ಸುಟ್ಟಲ್ಲಿ ಬಾಯಿಂದ ಊದಿಕೊಂಡು ಮತ್ತೆ ಕಾರ್ಬುರೇಟರಿಗೇ ಕೈ ಹಾಕಿದ. ಬಾಯಿಯವರು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ ಎಲ್ಲವನ್ನೂ ನೋಡಿದರು. ಅವರ ತರಗತಿಯಲ್ಲಿ ಇದ್ದಿದ್ದರೆ ಇವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸುಟ್ಟ ಮೊಣಕೈಯೇ ಉತ್ತರ ಹೇಳುತ್ತಿರುವಾಗ ಅದನ್ನು ಊದಿ ಆರಿಸಿಕೊಂಡವನು.

ಎಲ್ಲ ಮತ್ತೆ ಜೋಡಿಸಿ ಸೆಲ್ಫ್ ಹೊಡೆದಾಗ ಎಂಜಿನ್ ಶುರುವಾಯಿತು. ಅಷ್ಟರಲ್ಲಿ ಡಬ್ಬಿ ಆರಿತ್ತು.

"ನೋಡ್ರಿ ಅತ್ಯಾ!" ಜಯತೀರ್ಥ ಎಣ್ಣೆಗೈ ಎತ್ತಿ ನಿಂತ. "ಕಾರ್ಬುರೇಟರದಾಗ ಕಸಾ. ಪರೀಕ್ಷಾ ಪಾಸು."

"ನಡಿ, ಕೂಡು" ಎಂದರು ಬಾಯಿಯವರು.

ಡಂಬಳದ ಮೊದಲ ಮನೆಗಳು ಕಾಣುವಷ್ಟರಲ್ಲಿ ಗಾಡಿ ಮತ್ತೆ ನಿಂತಿತು. ಈ ಸಲ ಬಾಯಿಯವರು ಅವನನ್ನು ಬಾನೆಟ್ ಮುಟ್ಟಗೊಡಲಿಲ್ಲ. ದ್ರಾಕ್ಷಾಯಣಿಯನ್ನು ಸ್ಟೇರಿಂಗಿಗೆ ಕೂಡಿಸಿ, ವೈರು ಹಿಡಿದು ಕಿಡಿಯಿಲ್ಲದ್ದನ್ನು ತೋರಿಸಿದರು. ಹಿಂಡಿದ ಅರಿವೆ ಸುತ್ತಿ, ಕಿಡಿ ಬಂದದ್ದನ್ನು ತೋರಿಸಿದರು. ಎಂಜಿನ್ ಹೊತ್ತಿಕೊಂಡಿತು. ಜಯತೀರ್ಥ ಕನ್ನಡಕ ತೆಗೆದು ಒರೆಸಿದ.

"ಇದು ಅಕಸ್ಮಾತ್ ಇರಬಹುದು ಅತ್ಯಾ."

"ಮನ್ಯಾಗ ತಂಪ ಎಂಜಿನ್ನಿನ ಮ್ಯಾಲೆ ಇಸ್ತ್ರಿ ಪೆಟಿಗಿ ಇಟ್ಟು ಕಾಸಿ ನೋಡೀನಿ. ಅಲ್ಲೂ ನಿಂತಿತು. ಅದೂ ಅಕಸ್ಮಾತ್ ಏನು?"

ಅವನಿಗೆ ಇಸ್ತ್ರಿ ಪೆಟ್ಟಿಗೆಯ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ಕೆಂಪಾಯಿತು, ಆಮೇಲೆ ಒಂದು ದಾರಿ ಹೊಳೆಯಿತು.

"ಡಬ್ಬಿ ಕೆಟ್ಟಿಲ್ಲ. ಕೂಡಿಸಿದ ಜಾಗಾ ತಪ್ಪು. ಶಾಖದ ಹತ್ರ ಕೂಡಿಸಬಾರದು. ನಾ ಆ ಮೈಲಾರಲಿಂಗಪ್ಪಗ ಹೇಳಿದ್ದೆ."

"ಮೈಲಾರಲಿಂಗಪ್ಪ ಅವತ್ತ ನಮ್ಮ ಓಣ್ಯಾಗೇ ಇರಲಿಲ್ಲ. ಹಬ್ಬಕ್ಕ ಊರಿಗೆ ಹೋಗಿದ್ದ. ತೋಳ ಮಡಿಚಿ ಬಿಗದಾವ ನೀನು. ತೂತು ತಯಾರದ ಅತ್ಯಾ ಅಂತ ಹಿಗ್ಗಿದಾವ ನೀನು." ಬಾಯಿಯವರು ದನಿಯೇರಿಸಲಿಲ್ಲ. ಏರಿಸುವಷ್ಟು ಬೆಲೆ ಅವನಿಗೆ ಕೊಡಲು ಮನಸ್ಸಿರಲಿಲ್ಲ. "ಕಲಿತಾವ ತಪ್ಪತಾನ, ಇರಲಿ. ಫೋನ್ಯಾಗ ಕೂತು, ನೋಡದs, ಅದಕ್ಕೇನೂ ಆಗೂದಿಲ್ಲ ಅಂದ್ಯಲ್ಲಾ. ನಿನ್ನ ಆ ಮಾತು ನಂಬಿ ಶಿರಹಟ್ಟಿ ಆಚೆ ಬಿಸಲಾಗ ನಿಂತೆ ನಾ. ಜಾನಕಿ ಮಾರಿ ಸುದ್ದಾ ನೋಡಲಿಕ್ಕೆ ಸಿಗಲಿಲ್ಲ."

ಜಯತೀರ್ಥ ತಲೆ ತಗ್ಗಿಸುತ್ತಾನೆಂದು ಅವರು ಕಾದರು. ಅವನು ತಗ್ಗಿಸಲಿಲ್ಲ. ನಿಜಕ್ಕೂ ಅರ್ಥವಾಗದವನ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದ:

"ಆ ರಸ್ತೆದಾಗ ಲಕ್ಷ್ಮೇಶ್ವರ ಬಸ್ಸು ಓಡಾಡತಾವಲ್ಲಾ ಅತ್ಯಾ. ಒಂದೂ ಬರಲಿಲ್ಲೇನು? ಹತ್ತಿ ಹೋಗಬೇಕಿತ್ತು."

ಎಂಜಿನ್ನು ಗುಡುಗುಡು ಓಡುತ್ತಲೇ ಇತ್ತು. ದ್ರಾಕ್ಷಾಯಣಿ ಸ್ಟೇರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡುತ್ತ ಕೂತಳು. ಬದುಕಿನಲ್ಲಿ ಒಂದೂ ಸರಿಯಾದ ಮಾತಾಡದ ಈ ಮನುಷ್ಯ, ಇವತ್ತು, ಈ ಬನಿಯನ್ನಿನಲ್ಲಿ ನಿಂತು, ಒಂದನ್ನು ಆಡಿಬಿಟ್ಟಿದ್ದ. ಅದು ಸರಿಯಾದ ಮಾತೆಂದು ಅವನಿಗೇ ಗೊತ್ತಿರಲಿಲ್ಲ. ಅದಕ್ಕಾಗಿ ಅವರಿಗೆ ಅವನ ಮೇಲೆ ಹಿಂದೆಂದೂ ಬಾರದಷ್ಟು ಹೇಸಿಕೆ ಬಂತು. ಆ ಹೇಸಿಕೆ ಪೂರ್ತಿಯಾಗಿ ಅವನೊಬ್ಬನ ಮೇಲೆ ನಿಲ್ಲಲೂ ಇಲ್ಲ.

"ಕೂಡು ಗಾಡ್ಯಾಗ" ಎಂದಷ್ಟೇ ಹೇಳಿದರು.

ಡಂಬಳದ ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಿ, "ಇಳಿ" ಎಂದರು.

"ಅಂದ್ರ?"

"ಬಸ್ಸು ಓಡಾಡತಾವಲ್ಲಾ. ಹತ್ತಿ ಹೋಗು."

ಅವನು ನಗಲು ನೋಡಿದ. ಅತ್ತೆಯ ಮುಖ ನೋಡಿ ಇಳಿದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಎಣ್ಣೆ ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಸಂತೆಗೆ ಬಂದವರ ನಡುವೆ ನಿಂತ. ಬಾಯಿಯವರು ಗಾಡಿ ತಿರುಗಿಸಿದರು. ಗದಗ ಮುಟ್ಟುವವರೆಗೆ ದಾರಿಯಲ್ಲಿ ಆಗಾಗ ನಿಲ್ಲಿಸಿ ಅರಿವೆ ಅದ್ದಿ ಸುತ್ತಿದರು. ಮನೆ ಬಂದ ಮೇಲೆ ದ್ರಾಕ್ಷಾಯಣಿ, "ಬಾಯಾರ, ಅವತ್ತ ನಾ ಇನ್ನೊಂದ್ಸಲ ಹೇಳಬೇಕಿತ್ರೀ" ಎಂದಳು.

"ನೀ ಹೇಳಿದ್ದಿ. ನಾ ಕೇಳಲಿಲ್ಲ. ಹೋಗು, ಕೈ ತೊಳಕೋ."

ಮರುದಿನ ಮೈಲಾರಲಿಂಗಪ್ಪನನ್ನು ಕರೆಸಿ ಡಬ್ಬಿ ತೆಗೆಸಿ, ಪಾಯಿಂಟಿನ ತಟ್ಟೆ ಹಾಕಿಸಿದರು. ಅವನು ತಿಕ್ಕುವಾಗ ಯಥಾಪ್ರಕಾರ ಆಕಳಿಸಿದ. "ಆ ಡಬ್ಬಿ ಮ್ಯಾಲೆ ನನಗ ಮೊದಲs ಡೌಟ್ ಇತ್ರೀ" ಎಂದೂ ಸೇರಿಸಿದ. ಬಾಯಿಯವರು ಡಬ್ಬಿಯನ್ನು ಹುಬ್ಬಳ್ಳಿಗೆ ಹೋಗುವ ಯಾರದೋ ಕೈಯಲ್ಲಿ ಕಳಿಸಿದರು.

ಜಯತೀರ್ಥನ ತಾಯಿ ವರ್ಷಗಟ್ಟಲೆ ನಾದಿನಿಯ ಮನೆಯ ಮೆಟ್ಟಿಲು ತುಳಿಯಲಿಲ್ಲ. ಮಗನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ್ದು ಆಕೆಗೆ ದೊಡ್ಡ ಅವಮಾನವಾಗಿತ್ತು. ಜಯತೀರ್ಥನಿಗೆ ಹಾಗೇನೂ ಆಗಿರಲಿಲ್ಲ. ಒಂದು ಮುಂಜಿವೆಯಲ್ಲಿ ಅವನು ಊಟದ ಪಂಕ್ತಿಯಲ್ಲಿ ಕೂತು, ಹಳೆಯ ಅಮೇರಿಕನ್ ಗಾಡಿಯೊಂದರಲ್ಲಿ ಶಾಖದಿಂದ ಕೈಕೊಡುತ್ತಿದ್ದ ಟ್ರಾನ್ಸಿಸ್ಟರನ್ನು ತಾನು ಒದ್ದೆ ಅರಿವೆಯಿಂದ ಪತ್ತೆಹಚ್ಚಿದ ಬಗೆಯನ್ನು ಅಕ್ಕಪಕ್ಕದವರಿಗೆ ವಿವರಿಸುತ್ತಿದ್ದ. ಇಸ್ತ್ರಿ ಪೆಟ್ಟಿಗೆಯೂ ಅವನದೇ ಆಗಿತ್ತು. ಎದುರು ಪಂಕ್ತಿಯಲ್ಲಿದ್ದ ಭಾಗೀರಥಿಬಾಯಿಯವರು ಸಾರು ಬಡಿಸಿಕೊಂಡು ಕೇಳುತ್ತ ಉಂಡರು. ತಿದ್ದಲು ಹೋಗಲಿಲ್ಲ. ಅವನು ಪ್ರಯೋಗವನ್ನಾದರೂ ಸರಿಯಾಗಿ ಹೇಳುತ್ತಿದ್ದ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಒಂದು ದಿನ ಅವರು ಒಬ್ಬರೇ ಲಕ್ಷ್ಮೇಶ್ವರಕ್ಕೆ ಹೋದರು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಶಿರಹಟ್ಟಿ ದಾಟಿದ ಮೇಲಿನ ಆ ಹೊಲಗಳಲ್ಲಿ ಈಗ ಜೋಳ ಎದ್ದಿತ್ತು, ನಿಂತಿದ್ದ ಜಾಗ ಯಾವುದೆಂದು ಗುರುತಾಗಲಿಲ್ಲ. ನರ್ಮದಾ ಚಹಾ ಮಾಡಿ ತಂದು ಎದುರಿಗೆ ಕೂತಳು. ಅಂದು ಹೇಳಲಾಗದ ಮಾತನ್ನು ಈಗ ಹೇಳಬಹುದು ಅನ್ನಿಸಿತೇನೋ.

"ಅವತ್ತ ನಿಮ್ಮನ್ನ ಭಾಳ ನೆನಿಸಿದ್ರು ಬಾಯಾರ. ಬಸ್ಸು ಬಂದ ಸಪ್ಪಳ ಆತು. ಬಂದ್ರೇನೋ ಅಂತ ನಾ ಓಡಿದೆ. ಅವರು ಕೈ ಮಾಡಿ ಕರದು, 'ಹೋಗಬ್ಯಾಡ. ಆಕಿ ಬಸ್ಸಿಗೆ ಬರೂ ಪೈಕಿ ಅಲ್ಲ. ಗಾಡಿ ತಗೊಂಡೇ ಬರ್ತಾಳ. ತಡಾ ಆಗ್ತದ' ಅಂದ್ರು."

"ಸಿಟ್ಟಿಲೆ ಅಂದಳೇನು?"

"ಇಲ್ಲ. ನಕ್ಕೋತ ಅಂದ್ರು."

ಭಾಗೀರಥಿಬಾಯಿ ಬಟ್ಟಲನ್ನು ತಟ್ಟೆಯ ಮೇಲಿಟ್ಟರು. ನರ್ಮದಾ ಎದ್ದು ಒಲೆಯ ಮೇಲೇನೋ ಇದೆಯೆಂದು ಹೇಳಿ ಒಳಗೆ ಹೋದಳು, ಮತ್ತು ಬಹಳ ಹೊತ್ತು ಹೊರಗೆ ಬರಲಿಲ್ಲ.